ಹಳೆಯ ಲಾರಿಗೆ ಬೇರೆ ಎಂಜಿನ್: ಸೆಲ್ಫ್ ಮತ್ತು ಫ್ಲೈವೀಲ್ ಹೊಂದಾಣಿಕೆ



ಕಾವೇರಿ ದಂಡೆಯ ಕೊಣನೂರಿನ ಸುತ್ತ ಬೆಳೆದ ಆಲೂಗೆಡ್ಡೆ ಹಾಸನದ ಮಾರುಕಟ್ಟೆಗೂ, ತಂಬಾಕು ರಾಮನಾಥಪುರದ ಹರಾಜಿಗೂ ಹೋಗಬೇಕು. ಮಳೆಯಲ್ಲಿ ನೆಂದ ಗೆಡ್ಡೆ ಮೂಟೆಯಲ್ಲೇ ನಿಂತರೆ ಬೇಗ ಕೊಳೆಯುತ್ತದೆ. ಹೊರಡುವ ಹೊತ್ತಿಗೆ ಲಾರಿಯ ಸೆಲ್ಫ್ ಕೈಕೊಟ್ಟರೆ ನಷ್ಟ ಮಾಲೀಕನಿಗಷ್ಟೇ ಅಲ್ಲ, ರೈತನಿಗೂ ಹೌದು. ಹಳೆಯ ಲಾರಿಗೆ ಬೇರೆ ಎಂಜಿನ್ ಕೂರಿಸಿದಾಗ ಈ ತೊಂದರೆ ಹೆಚ್ಚು.

ಎಂಜಿನ್ ಬದಲಾವಣೆ ಹೊಸದಲ್ಲ. 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪನಿ ಪರ್ಕಿನ್ಸ್ ಪಿ-6 ಡೀಸೆಲ್ ಎಂಜಿನ್ ತಯಾರಿಸತೊಡಗಿದ ಮೇಲೆ ಅನೇಕ ಪೆಟ್ರೋಲ್ ಲಾರಿಗಳು ಡೀಸೆಲ್ ಲಾರಿಗಳಾದವು. ಆ ಕಾಲದ ಪೆಟ್ರೋಲ್ ಎಂಜಿನ್ ಗಾಳಿಯನ್ನು ಸುಮಾರು 7 ಪಟ್ಟು ಒತ್ತಿದರೆ, ಡೀಸೆಲ್ ಎಂಜಿನ್ ಸುಮಾರು 16 ಪಟ್ಟು ಒತ್ತುತ್ತದೆ. ಅದನ್ನು ತಿರುಗಿಸಲು ಹೆಚ್ಚು ಬಲದ ಸೆಲ್ಫ್ ಬೇಕು. ಎಂಜಿನ್, ಫ್ಲೈವೀಲ್, ಸೆಲ್ಫ್ ಮೂರೂ ಒಂದೇ ಜೊತೆ ಎಂದು ತಿಳಿಯಬೇಕು.

ಗೇರ್ ತಾನಾಗಿ ಬದಲಾಗುವ ವಾಹನಗಳಲ್ಲಿ ಫ್ಲೈವೀಲ್ ಬದಲು ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ ಇರುತ್ತದೆ. ಕ್ಲಚ್ ಇರುವ ನಮ್ಮ ಲಾರಿಗಳಿಗೆ ಭಾರವಾದ ಫ್ಲೈವೀಲೇ ಬೇಕು.

ಹಳೆಯ ಎಂಜಿನ್ ಕೊಳ್ಳುವ ಮುನ್ನ ಈ ಅಂಶಗಳನ್ನು ಗಮನಿಸಿ:

1. ವೋಲ್ಟೇಜ್: ಬ್ಯಾಟರಿ 12 ವೋಲ್ಟೋ 24 ವೋಲ್ಟೋ ನೋಡಿ. 12 ವೋಲ್ಟಿನ ಸೆಲ್ಫ್‌ಗೆ 24 ವೋಲ್ಟ್ ಕೊಟ್ಟರೆ ಸುಟ್ಟುಹೋಗುತ್ತದೆ.

2. ಹಲ್ಲು: ಸಂಖ್ಯೆ ನೋಡಿದರೆ ಸಾಲದು, ಹಲ್ಲಿನ ಗಾತ್ರವೂ ಒಂದೇ ಇರಬೇಕು. ಫ್ಲೈವೀಲ್‌ನ ರಿಂಗ್‌ಗೆ 120, ಸೆಲ್ಫ್‌ನ ಪಿನಿಯನ್‌ಗೆ 10 ಹಲ್ಲಿದ್ದರೆ ಎಂಜಿನ್ ಒಂದು ಸುತ್ತು ತಿರುಗಲು ಪಿನಿಯನ್ 12 ಸುತ್ತು ತಿರುಗಬೇಕು.

3. ಕೂರುವ ಜಾಗ: ಬೋಲ್ಟ್ ತೂತು ಹೊಂದಿದ ಮಾತ್ರಕ್ಕೆ ಸರಿಯಾಯಿತೆಂದು ತಿಳಿಯಬೇಡಿ. ಸೆಲ್ಫ್ ತಿರುಗುವ ದಿಕ್ಕನ್ನೂ, ಪಿನಿಯನ್ ಮುಂದೆ ಬಂದಾಗ ರಿಂಗಿನೊಳಗೆ ಪೂರ್ಣವಾಗಿ ಸೇರುವುದನ್ನೂ ಪರೀಕ್ಷಿಸಿ. ಹಲ್ಲಿನ ಅಂಚು ಮಾತ್ರ ಸವೆದಿದ್ದರೆ ಪಿನಿಯನ್ ಅರ್ಧ ಸೇರುತ್ತಿದೆ ಎಂದರ್ಥ.

4. ರಿಂಗ್: ಸವೆದ ರಿಂಗನ್ನು ತೆಗೆದು, ಹೊಸ ರಿಂಗನ್ನು ಕಾಯಿಸಿ, ಹಿಗ್ಗಿದಾಗ ಫ್ಲೈವೀಲ್‌ಗೆ ತೊಡಿಸುತ್ತಾರೆ. ಕೆಂಪಗಾಗುವಂತೆ ಕಾಯಿಸಿದರೆ ಹಲ್ಲಿನ ಗಡಸುತನ ಹೋಗುತ್ತದೆ. ಹಲ್ಲಿನ ಓರೆ ಮಾಡಿದ ಅಂಚು ಪಿನಿಯನ್ ಬರುವ ಕಡೆಗಿರಬೇಕು.

ರಿಂಗಿನ ಹಲ್ಲು ಮುರಿದರೆ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇಳಿಸಲೇಬೇಕು. ಕೊಳ್ಳುವಾಗ ಒಂದು ಗಂಟೆ ಪರೀಕ್ಷಿಸಿದರೆ ಈ ಖರ್ಚು ಉಳಿಯುತ್ತದೆ. ಸೆಲ್ಫ್ ಹಿಡಿಯದಿದ್ದಾಗ ಕೆಳಗೆ ನಿಂತು ಸ್ಕ್ರೂಡ್ರೈವರ್‌ನಿಂದ ಟರ್ಮಿನಲ್ ಸೇರಿಸುವ ರೂಢಿಯನ್ನು ಬಿಡಿ. ಲಾರಿಯಾಗಲಿ, ಟ್ರ್ಯಾಕ್ಟರ್ ಆಗಲಿ ಗೇರಿನಲ್ಲಿದ್ದರೆ ನಿಂತವನ ಮೇಲೆಯೇ ಹರಿದು ಪ್ರಾಣ ತೆಗೆಯುತ್ತದೆ.

ಕೊನೆಯದಾಗಿ, ಎಂಜಿನ್ ಬದಲಿಸಿದರೆ 1988ರ ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ಕಚೇರಿಯ ನಿಯಮ ಪಾಲಿಸಿ, ಹೊಸ ಎಂಜಿನ್ ಸಂಖ್ಯೆಯನ್ನು ನೋಂದಣಿ ಪತ್ರದಲ್ಲಿ ಸೇರಿಸಿಕೊಳ್ಳಬೇಕು. ಬಿತ್ತನೆಗೆ ಮುಂಚೆ ಬೀಜ ಪರೀಕ್ಷಿಸುವ ರೈತನಿಗೆ ಈ ಎಚ್ಚರಿಕೆಯೇನೂ ಹೊಸದಲ್ಲ.