ಉತಾರದಲ್ಲಿ ಯಾರ ಹೆಸರಿದೆ?

 

ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದವನು. ಹಾಗಾಗಿ ಆಣೆಕಟ್ಟಿನಿಂದಲೇ ಮಾತು ಶುರು ಮಾಡುತ್ತೇನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಇಲ್ಲಿ ಅಡಿಗಲ್ಲಿಟ್ಟರು. ಈಗ ನೀರು ನಿಲ್ಲಿಸುವ ಮಟ್ಟ 519.60 ಮೀಟರ್. 2010ರಲ್ಲಿ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿದೆ. ಅಂದರೆ ಇನ್ನೂ ಹೊಲ ಹೋಗುವುದಿದೆ, ಪರಿಹಾರ ಬರುವುದಿದೆ. ಆ ಹಣ ಯಾರ ಕೈಗೆ?

ಹೊಲ ಮಾಡುವವನು ಮೊಮ್ಮಗ, ಉತಾರದಲ್ಲಿ ಇನ್ನೂ ಅಜ್ಜನ ಹೆಸರು. ವಾರಸಾ ಹಾಕಿಸಿಲ್ಲ. ಅಣ್ಣತಮ್ಮಂದಿರ ವಾಟಣಿ ಬಾಯಿಮಾತಿನಲ್ಲೇ ಆಗಿದೆ. ಹಕ್ಕಿನ ತಕರಾರು ಎದ್ದರೆ ಪರಿಹಾರ ಮನೆಗೆ ಬರುವುದಿಲ್ಲ, ಠೇವಣಿಯಾಗಿ ಕೂಡುತ್ತದೆ. ತೀರ್ಪು ಬರುವ ತನಕ ಹೊಲವೂ ಇಲ್ಲ, ಹಣವೂ ಇಲ್ಲ. ಮುಳುಗಡೆ ಸೀಮೆಯ ಮನೆಗಳು ಒಡೆಯುವುದು ನೀರಿನಿಂದಲ್ಲ, ಹೆಚ್ಚಾಗಿ ಇದರಿಂದ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಮೊದಲು ವಾರಸಾ ಮಾಡಿಸಿ. ವಾಟಣಿಯನ್ನು ನೋಂದಣಿ ಮಾಡಿಸಿ.

ಎರಡನೆಯದು ಮೃತ್ಯುಪತ್ರ. ಹೆಸರು ಕೇಳಿದರೇ ಹಿರಿಯರು, "ನನ್ನನ್ನು ಈಗಲೇ ಕಳಿಸಬೇಕಂತೀರೇನು?" ಅನ್ನುತ್ತಾರೆ. ವಿಮೆ ಮಾಡಿಸುವಾಗ ಮಾತ್ರ ಹಾಗನ್ನುವುದಿಲ್ಲ! ಇದಕ್ಕೆ ಮುದ್ರಾಂಕ ಶುಲ್ಕವಿಲ್ಲ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಅದನ್ನು ಕಂಡ ಇಬ್ಬರ ಸಾಕ್ಷಿ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿರಿ ಎನ್ನುತ್ತೇನೆ. ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಕೊನೆಯದೇ ನಡೆಯುತ್ತದೆ. ಬ್ಯಾಂಕಿನಲ್ಲಿ ನಾಮಿನಿ ಇದ್ದಾನಲ್ಲ ಎಂದು ಸುಮ್ಮನಿರಬೇಡಿ. ಅವನು ಹಣ ತೆಗೆದುಕೊಳ್ಳುವವನಷ್ಟೆ, ವಾರಸುದಾರರ ಹಕ್ಕು ಹಾಗೇ ಇರುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರದಿದ್ದರೂ ಆ ಹಕ್ಕು ಉಂಟು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಡೀ ಹೊಲವನ್ನು ಮಗನಿಗೆ ಬರೆದಿಟ್ಟು ಮಗಳನ್ನು ತಪ್ಪಿಸಬಹುದು ಎಂದು ಕೆಲವರು ತಿಳಿದಿದ್ದಾರೆ. ಸ್ವಂತ ಗಳಿಕೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ಬರೆಯಲು ಬರುವುದು ನಿಮ್ಮ ಪಾಲು ಮಾತ್ರ. ಪಂಚಮಿಗೆ ತಂಗಿಯನ್ನು ಕರೆತಂದು ಉಡಿ ತುಂಬುವುದು, ಮರುದಿನ ಓದಿ ಹೇಳದೆ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವುದು, ಬಸವಣ್ಣನವರ ಹೆಸರು ಹೇಳುವ ನಮಗೆ ಇದು ಒಪ್ಪುವ ಕೆಲಸವಲ್ಲ. ತಿಳಿದು ಮನಸಾರೆ ಬಿಟ್ಟುಕೊಟ್ಟರೆ ಅದು ಬೇರೆ.

ಉತಾರ ತಂದವರು ಪ್ರಸಾದದ ನಂತರ ಅಲ್ಲೇ ಕಟ್ಟೆಯ ಹತ್ತಿರ ಬನ್ನಿ, ಕೂಡಿ ನೋಡೋಣ.