ಖಾತೆಗೆ ಬಂದ ಹಣವೆಲ್ಲ ನಮ್ಮದಲ್ಲ!

(ಯುವಕ-ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮನೆ ಸೇರಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಇದೇ ನನ್ನ ಜಗತ್ತು. ಆದರೂ ಇವತ್ತು ದುಡ್ಡಿನ ಮಾತಾಡಲು ನಿಂತಿದ್ದೇನೆ. ಯಾಕೆಂದರೆ ಇವತ್ತು ನಿಮ್ಮಲ್ಲಿ ಬ್ಯಾಂಕ್ ಖಾತೆ ಇಲ್ಲದವರು ಯಾರಿದ್ದೀರಿ? ಮನೆಮನೆಗೆ ಊಟ ತಲುಪಿಸುವ ತಮ್ಮ, ಗಾರ್ಮೆಂಟ್ಸ್‌ಗೆ ಹೋಗುವ ತಂಗಿ, ಆಟೋ ಓಡಿಸುವ ಅಣ್ಣ, ಎಲ್ಲರ ದುಡಿಮೆಯೂ ಬಂದು ಬೀಳುವುದು ಖಾತೆಗೇ. ಆ ಖಾತೆಗೆ ಒಂದು ಬೆಳಿಗ್ಗೆ ಗೊತ್ತುಗುರಿಯಿಲ್ಲದ ಐವತ್ತು ಸಾವಿರ ರೂಪಾಯಿ ಬಂದು ಕೂತರೆ ಏನು ಮಾಡುತ್ತೀರಿ?

ಈ ಪ್ರಶ್ನೆಗೆ ನನಗೆ ಸಿಗುವ ಉತ್ತರ ಎರಡೇ. ಒಂದು, ‘ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಹೊರಗೆ ಕಳಿಸುತ್ತಾರಾ?’ ಎರಡು, ‘ಯಾರದೋ ಪಾಪ, ಫೋನ್ ಬಂದರೆ ತಕ್ಷಣ ವಾಪಸ್ ಹಾಕಿಬಿಡುತ್ತೇನೆ.’ ಮೊದಲನೆಯದು ತಪ್ಪು ಎಂದು ನಿಮ್ಮ ಮನಸ್ಸೇ ಹೇಳುತ್ತದೆ. ಆದರೆ ನೆನಪಿಡಿ, ಎರಡನೆಯದೂ ಅಪಾಯ! ಒಳ್ಳೆಯ ಮನಸ್ಸಿನ ಹುಡುಗರೇ ಇವತ್ತು ಹೆಚ್ಚು ಸಿಕ್ಕಿಬೀಳುತ್ತಿರುವುದು ಈ ಎರಡನೆಯ ಉತ್ತರದಿಂದ.

ಒಂದು ಅಂಕಿಯ ಆಟ

ಹಣ ದಾರಿ ತಪ್ಪುವುದು ಹೇಗೆ? ನನ್ನ ಕಸುಬಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಪ್ರೂಫ್ ನೋಡುವಾಗ ಒಂದು ಅಕ್ಷರ ಜಾರಿದರೂ ಓದುವವರು ಸರಿಮಾಡಿಕೊಂಡು ಓದುತ್ತಾರೆ. ಆದರೆ ಒಂದು ಅಂಕಿ ಜಾರಿದರೆ ಯಾರೂ ಸರಿಮಾಡಿಕೊಳ್ಳುವುದಿಲ್ಲ. ಮದುವೆಯ ತಾರೀಖು 12 ಹೋಗಿ 21 ಆದರೆ ನೆಂಟರು 21ಕ್ಕೇ ಬರುತ್ತಾರೆ. ಬ್ಯಾಂಕಿನ ಖಾತೆ ಸಂಖ್ಯೆಯೂ ಹಾಗೆಯೇ. ಕೆಲವು ಬ್ಯಾಂಕುಗಳಲ್ಲಿ 11 ಅಂಕಿ, ಕೆಲವದರಲ್ಲಿ 16. ಅದರಲ್ಲಿ ಒಂದು ತಪ್ಪಿದರೆ ಹಣ ಇನ್ನೊಬ್ಬರ ಮನೆ ಬಾಗಿಲಿಗೆ!

‘ಹೆಸರು ಬರೆದಿರುತ್ತೇವಲ್ಲ?’ ಎಂದು ಕೇಳಬಹುದು. ಬರೆದಿರುತ್ತೀರಿ. ಆದರೆ ಆನ್‌ಲೈನ್ ಮೂಲಕ ಬರುವ ಹಣವನ್ನು ಖಾತೆ ಸಂಖ್ಯೆ ಒಂದನ್ನೇ ನೋಡಿ ಜಮಾ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿಬಿಟ್ಟಿದೆ. ಸಂಖ್ಯೆ ಸರಿಯಾಗಿ ಬರೆಯುವ ಹೊಣೆ ಕಳಿಸುವವರದ್ದು. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಕಳಿಸುವ ಮೊದಲೇ ಪಡೆಯುವವರ ಹೆಸರು ತೋರಿಸುವ ಏರ್ಪಾಡನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಮಾಡಬೇಕೆಂದು ಅದೇ ರಿಸರ್ವ್ ಬ್ಯಾಂಕ್ ಆಮೇಲೆ ಸೂಚಿಸಿತು. ಒಳ್ಳೆಯದೇ. ಆದರೆ ತೋರಿಸಿದ ಹೆಸರನ್ನು ಓದದೆ ಗುಂಡಿ ಒತ್ತುವವರನ್ನು ಯಾರು ತಡೆಯುತ್ತಾರೆ?

ಕೆಲವೊಮ್ಮೆ ತಪ್ಪು ಬ್ಯಾಂಕಿನದೇ ಆಗಿರುತ್ತದೆ. 2023ರ ನವೆಂಬರ್ 10ರಿಂದ 13ರವರೆಗೆ ಯೂಕೋ ಬ್ಯಾಂಕಿನಲ್ಲಿ ಏನಾಯಿತು ಗೊತ್ತೇ? ಬೇರೆ ಬ್ಯಾಂಕುಗಳಿಂದ ಹಣ ಕಳಿಸಿದವರ ಖಾತೆಯಲ್ಲಿ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಯೂಕೋ ಬ್ಯಾಂಕಿನ ಸುಮಾರು 41,000 ಖಾತೆಗಳಿಗೆ ಮಾತ್ರ 820 ಕೋಟಿ ರೂಪಾಯಿ ಜಮಾ ಆಗಿಹೋಯಿತು! ಆಕಾಶದಿಂದ ಬಿದ್ದ ಹಾಗೆ! ಬಹಳ ಜನ ಕೂಡಲೇ ಡ್ರಾ ಮಾಡಿಕೊಂಡರು. ಮುಂದೇನಾಯಿತು? ಸಿಬಿಐ ಕೇಸು ದಾಖಲಿಸಿತು. 2024ರ ಮಾರ್ಚ್‌ನಲ್ಲಿ ರಾಜಸ್ಥಾನ, ಮಹಾರಾಷ್ಟ್ರಗಳ 67 ಕಡೆ ಶೋಧ ನಡೆಸಿತು. ಬಂದ ಹಣವನ್ನು ವಾಪಸ್ ಕೊಡದೆ ತೆಗೆದುಕೊಂಡವರನ್ನು ಹುಡುಕಿಕೊಂಡು ಹೋದರು, ಮಿತ್ರರೇ. ಗಣಕಯಂತ್ರ ಮರೆತರೂ ಲೆಕ್ಕ ಮರೆಯುವುದಿಲ್ಲ.

ಕಾನೂನು ಏನು ಹೇಳುತ್ತದೆ?

‘ತಪ್ಪು ಅವರದು, ನಾನೇನು ಕದ್ದೆನೇ?’ ಎಂಬ ವಾದ ನಡೆಯುವುದಿಲ್ಲ. ಭಾರತೀಯ ಕರಾರು ಕಾಯ್ದೆ 1872ರಷ್ಟು ಹಳೆಯದು. ಅದರ 72ನೇ ಕಲಂ ಸ್ಪಷ್ಟವಾಗಿದೆ. ತಪ್ಪಿನಿಂದ ಯಾರಿಗಾದರೂ ಹಣ ಸಂದಾಯವಾದರೆ ಪಡೆದವನು ಅದನ್ನು ಹಿಂದಿರುಗಿಸಲೇಬೇಕು. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಇಬ್ಬರು ಸೇರಿ ಒಬ್ಬನಿಗೆ ನೂರು ರೂಪಾಯಿ ಕೊಡಬೇಕು. ಒಬ್ಬ ಪೂರ್ತಿ ಕೊಟ್ಟ. ಅದು ತಿಳಿಯದೆ ಇನ್ನೊಬ್ಬನೂ ಪೂರ್ತಿ ಕೊಟ್ಟ. ಎರಡನೆಯ ಸಲ ಬಂದ ನೂರನ್ನು ವಾಪಸ್ ಕೊಡಬೇಕು. ಇದು ನಮ್ಮ ಪ್ರೆಸ್ಸಿನಲ್ಲಿ ಮದುವೆ ಕಾಲದಲ್ಲಿ ನಡೆಯುವ ಕಥೆಯೇ! ಲಗ್ನಪತ್ರಿಕೆಯ ಬಾಕಿಯನ್ನು ಮದುಮಗನ ತಂದೆ ಫೋನ್ ಪೇ ಮಾಡಿರುತ್ತಾರೆ. ಸಂಜೆ ಮದುಮಗನ ಅಣ್ಣನೂ ಮಾಡುತ್ತಾನೆ. ಒಂದು ಕಡೆಯ ಹಣ ವಾಪಸ್ ಹೋಗಲೇಬೇಕು. ಹೋಗದಿದ್ದರೆ ಆ ಮನೆಯ ಎರಡನೇ ಮಗನ ಪತ್ರಿಕೆ ನಮ್ಮಲ್ಲಿಗೆ ಬರುವುದಿಲ್ಲ.

ಇದು ಸಿವಿಲ್ ಮಾತಾಯಿತು. ಇನ್ನು ಕ್ರಿಮಿನಲ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ, ಇನ್ನೊಬ್ಬರ ಸ್ವತ್ತನ್ನು ಅಪ್ರಾಮಾಣಿಕವಾಗಿ ತನ್ನದಾಗಿ ಮಾಡಿಕೊಂಡವನಿಗೆ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು, ಮೇಲೆ ದಂಡ. ಹಣ ಬಂದದ್ದು ಅಪರಾಧವಲ್ಲ. ನನ್ನದಲ್ಲ ಎಂದು ತಿಳಿದ ಮೇಲೂ ನುಂಗುವುದು ಅಪರಾಧ.

2021ರಲ್ಲಿ ಬಿಹಾರದ ಖಗಾಡಿಯಾ ಜಿಲ್ಲೆಯ ಒಬ್ಬನ ಖಾತೆಗೆ ಗ್ರಾಮೀಣ ಬ್ಯಾಂಕಿನ ತಪ್ಪಿನಿಂದ ಐದೂವರೆ ಲಕ್ಷ ಬಂತು. ಬ್ಯಾಂಕಿನವರು ನೋಟಿಸು ಕೊಟ್ಟರೂ ಅವನು ವಾಪಸ್ ಕೊಡಲಿಲ್ಲ. ಪ್ರಧಾನಿ ಕೊಡುವ ಹದಿನೈದು ಲಕ್ಷದ ಮೊದಲ ಕಂತು ಎಂದುಕೊಂಡು ಖರ್ಚು ಮಾಡಿಬಿಟ್ಟೆ ಎಂದ! ದೇಶವೆಲ್ಲ ನಕ್ಕಿತು. ಪೊಲೀಸರು ನಗಲಿಲ್ಲ, ಬಂಧಿಸಿದರು.

ಅಳುವ ದನಿಯ ಬಲೆ

ಈಗ ಎರಡನೆಯ ಉತ್ತರಕ್ಕೆ ಬರೋಣ. ಫೋನ್ ಬರುತ್ತದೆ. ‘ಅಣ್ಣಾ, ಆಸ್ಪತ್ರೆಗೆ ಕಟ್ಟಬೇಕಾದ ಇಪ್ಪತ್ತು ಸಾವಿರ ತಪ್ಪಿ ನಿಮಗೆ ಹಾಕಿಬಿಟ್ಟೆ, ಈ ನಂಬರಿಗೆ ವಾಪಸ್ ಹಾಕಿ, ನಿಮ್ಮ ಕಾಲಿಗೆ ಬೀಳ್ತೀನಿ.’ ದನಿ ಅಳುತ್ತಿರುತ್ತದೆ. ಅಚ್ಚ ಕನ್ನಡವೇ ಇರಬಹುದು. ನಮ್ಮ ಭಾಷೆ ಆಡಿದ ಮಾತ್ರಕ್ಕೆ ನಮ್ಮವನಾಗುವುದಿಲ್ಲ, ಎಚ್ಚರ!

ಇಲ್ಲಿ ಎರಡು ಬಗೆಯ ಮೋಸವಿದೆ. ಮೊದಲನೆಯದರಲ್ಲಿ ಹಣ ಬಂದೇ ಇರುವುದಿಲ್ಲ. ಬ್ಯಾಂಕಿನದೇ ಎನ್ನಿಸುವ ಸುಳ್ಳು ಸಂದೇಶ ಮಾತ್ರ ಬಂದಿರುತ್ತದೆ. ನೀವು ಗಾಬರಿಯಲ್ಲಿ ನಿಮ್ಮ ಸ್ವಂತ ಹಣವನ್ನೇ ಕಳಿಸುತ್ತೀರಿ. ಆದ್ದರಿಂದ ಸಂದೇಶ ನಂಬಬೇಡಿ, ಖಾತೆಯ ಬಾಕಿ ನೋಡಿ. ಇನ್ನೊಂದು ಮಾತು: ಹಣ ಪಡೆಯಲು ಯಾರೂ ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೊರಗೆ ಹೊರಟಿತು ಎಂದೇ ಅರ್ಥ.

ಎರಡನೆಯದು ಇನ್ನೂ ಘೋರ. ಹಣ ನಿಜವಾಗಿಯೂ ಬಂದಿರುತ್ತದೆ. ಆದರೆ ಅದು ಮೋಸಹೋದ ಯಾವುದೋ ನಿವೃತ್ತ ಮೇಷ್ಟರ ಹಣ. ವಂಚಕ ಅದನ್ನು ನಿಮ್ಮ ಖಾತೆಗೆ ಹಾಕಿಸಿ, ನಿಮ್ಮ ಕೈಯಿಂದಲೇ ಇನ್ನೊಂದು ಖಾತೆಗೆ ದಾಟಿಸಿಕೊಳ್ಳುತ್ತಾನೆ. ಮೇಷ್ಟರು ದೂರು ಕೊಟ್ಟಾಗ ಪೊಲೀಸರಿಗೆ ಸಿಗುವುದು ಯಾರ ಹೆಸರು? ನಿಮ್ಮದು! ನಿಮ್ಮ ಖಾತೆ ತಡೆಹಿಡಿಯಲಾಗುತ್ತದೆ. ಸಂಬಳ ಬಂದರೂ ತೆಗೆಯಲಾಗುವುದಿಲ್ಲ. ದೂರು ಬೇರೆ ರಾಜ್ಯದ ಠಾಣೆಯದಾದರೆ ಅಲ್ಲಿಗೆ ಅಲೆಯಬೇಕು. ಕಮಿಷನ್ ಆಸೆಗೆ ಖಾತೆಯನ್ನೇ ಬಾಡಿಗೆಗೆ ಕೊಡುವ ಹುಡುಗರಂತೂ ಕೈಯಾರೆ ಬೇಡಿ ಹಾಕಿಕೊಂಡ ಹಾಗೆ. ಎಷ್ಟೇ ಹತ್ತಿರದ ಗೆಳೆಯ ಕೇಳಿದರೂ ಖಾತೆ, ಎಟಿಎಂ ಕಾರ್ಡು, ಸಿಮ್ ಕೊಡಬೇಡಿ.

ಹಾಗಾದರೆ ಮಾಡಬೇಕಾದ್ದೇನು?

ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತಾರೆ. ದುಡ್ಡೂ ಬಂದ ದಾರಿಯಲ್ಲೇ ಹೋಗಬೇಕು. ಇದೊಂದೇ ಸೂತ್ರ.

1. ಹಣ ಮುಟ್ಟಬೇಡಿ. ಸಾಲದ ಕಂತು ತಾನಾಗಿ ಕಡಿತವಾಗುವ ಖಾತೆಯಾದರೆ ಇನ್ನೂ ಎಚ್ಚರ. ಅಷ್ಟು ಮೊತ್ತ ಖಾತೆಯಲ್ಲಿ ಉಳಿದಿರುವಂತೆ ನೋಡಿಕೊಳ್ಳಿ.

2. ಪಾಸ್‌ಬುಕ್ ಬರೆಸಿ, ಇಲ್ಲವೇ ಸ್ಟೇಟ್‌ಮೆಂಟ್ ತೆಗೆದು ದಿನಾಂಕ, ಮೊತ್ತ, ವ್ಯವಹಾರ ಸಂಖ್ಯೆ ಗುರುತು ಹಾಕಿಕೊಳ್ಳಿ.

3. ಫೋನ್ ಮಾಡಿದವರಿಗೆ ಒಂದೇ ಉತ್ತರ: ‘ನಿಮ್ಮ ಬ್ಯಾಂಕಿಗೆ ದೂರು ಕೊಡಿ. ನಾನು ನನ್ನ ಬ್ಯಾಂಕಿಗೆ ಬರೆದುಕೊಡುತ್ತೇನೆ.’ ನಿಜವಾಗಿ ಕಳೆದುಕೊಂಡವನು ಇದಕ್ಕೆ ಒಪ್ಪುತ್ತಾನೆ. ಕಳ್ಳ ಬೈದು ಫೋನ್ ಇಡುತ್ತಾನೆ.

4. ನಿಮ್ಮ ಶಾಖೆಗೆ ಹೋಗಿ ಬರೆದುಕೊಡಿ. ಎರಡು ಪ್ರತಿ ಮಾಡಿ. ಒಂದರ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ.

5. ಮೋಸದ ವಾಸನೆ ಬಂದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅರ್ಜಿ ಯಾವ ಭಾಷೆಯಲ್ಲಿ? ಕನ್ನಡದಲ್ಲಿ! ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್‌ಗಳು ಇಂಗ್ಲಿಷ್, ಹಿಂದಿಯ ಜೊತೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕುವುದು ದುಡ್ಡಿನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ. ಇಗೋ ಮಾದರಿ, ಕತ್ತರಿಸಿಟ್ಟುಕೊಳ್ಳಿ:

‘ವ್ಯವಸ್ಥಾಪಕರಿಗೆ, ನಮಸ್ಕಾರ. ನನ್ನ ಈ ಸಂಖ್ಯೆಯ ಖಾತೆಗೆ ಈ ದಿನಾಂಕದಂದು ಇಷ್ಟು ರೂಪಾಯಿ ಜಮಾ ಆಗಿದೆ. ವ್ಯವಹಾರ ಸಂಖ್ಯೆ ಇದು. ಈ ಹಣ ನನ್ನದಲ್ಲ, ಕಳಿಸಿದವರು ನನಗೆ ಗೊತ್ತಿಲ್ಲ. ಪರಿಶೀಲಿಸಿ, ಹಣ ಬಂದ ಖಾತೆಗೇ ಇದನ್ನು ಹಿಂದಿರುಗಿಸಲು ನನ್ನ ಒಪ್ಪಿಗೆ ಇದೆ. ಹಿಂದಿರುಗಿಸಿದ್ದಕ್ಕೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.’

‘ನನ್ನ ಒಪ್ಪಿಗೆ ಇದೆ’ ಎಂಬ ಮಾತನ್ನು ಬಿಡಬೇಡಿ. ಕಳಿಸಿದವರೇ ಸಂಖ್ಯೆ ತಪ್ಪಿಸಿದ್ದರೆ, ನಿಮ್ಮ ಒಪ್ಪಿಗೆ ಇಲ್ಲದೆ ಬ್ಯಾಂಕು ಸಾಮಾನ್ಯವಾಗಿ ನಿಮ್ಮ ಖಾತೆಯಿಂದ ಹಣ ತೆಗೆಯುವುದಿಲ್ಲ.

ನಮ್ಮ ಪ್ರೆಸ್ಸಿನ ಖಾತೆಗೂ ಒಮ್ಮೆ ಹೀಗೆ 48,000 ಬಂತು. ಕೌಂಟರಿನಲ್ಲಿದ್ದವರು, ‘ಆ್ಯಪ್‌ನಲ್ಲಿ ನೀವೇ ವಾಪಸ್ ಹಾಕಿ ಸ್ವಾಮಿ, ಇದಕ್ಕೆಲ್ಲ ಅರ್ಜಿ ಯಾಕೆ?’ ಎಂದರು. ಅರ್ಜಿ ತೆಗೆದುಕೊಳ್ಳದೆ ನಾನು ಅಲ್ಲಿಂದ ಏಳಲಿಲ್ಲ. ಒಂಬತ್ತು ದಿನಕ್ಕೆ ಹಣ ವಾಪಸ್ ಹೋಯಿತು. ಮೊಹರು ಬಿದ್ದ ಆ ಪ್ರತಿ ಇವತ್ತಿಗೂ ನಮ್ಮ ಬಿಲ್ ಫೈಲಿನಲ್ಲಿದೆ. ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಇಲ್ಲವೇ ಕೊಟ್ಟ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ನಾಳೆ ತಪ್ಪುವುದು ನಿಮ್ಮ ಬೆರಳೂ ಆಗಬಹುದು. ಆಗಲೂ ಇದೇ ದಾರಿ. ತಡಮಾಡದೆ ನಿಮ್ಮ ಬ್ಯಾಂಕಿಗೆ ಬರೆದುಕೊಡಿ. ದೊಡ್ಡ ಮೊತ್ತ ಕಳಿಸುವ ಮೊದಲು ಒಂದು ರೂಪಾಯಿ ಕಳಿಸಿ, ತಲುಪಿತೇ ಎಂದು ಫೋನ್‌ನಲ್ಲಿ ಕೇಳಿ. ನಾವು ಪುಟ ಅಚ್ಚಿಗೆ ಬಿಡುವ ಮೊದಲು ಪ್ರೂಫ್ ತೆಗೆಯುವ ಹಾಗೆ.

ತಪ್ಪಿ ಬಂದ ಆ ಹಣದ ಆಚೆ ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾನೆ. ಮಗಳ ಕಾಲೇಜು ಶುಲ್ಕ ಕಟ್ಟಲು ಹೊರಟಿದ್ದ ತಾಯಿ ಇರಬಹುದು. ಊರಿಗೆ ಹಣ ಕಳಿಸಿದ ಕೂಲಿಯವನಿರಬಹುದು. ಅವನು ಯಾವ ಭಾಷೆಯವನಾದರೂ ಸರಿ, ‘ಹಣ ಕನ್ನಡಿಗನ ಖಾತೆಗೆ ಹೋಗಿದೆಯಂತೆ’ ಎಂದು ತಿಳಿದಾಗ ‘ಹಾಗಾದರೆ ಸಿಕ್ಕೇ ಸಿಗುತ್ತದೆ’ ಎಂದು ಅವನಿಗೆ ಧೈರ್ಯ ಬರಬೇಕು. ಆ ಹೆಸರನ್ನು ಉಳಿಸಿಕೊಡುವವರು ನೀವು.