ಟಿಸಿ ಸುಟ್ಟರೆ ಊರು ಕತ್ತಲೆ
(ನಮ್ಮ ಬಳಗದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತು)



ಈಗಿನ ಯುದ್ಧದಿಂದ ಸೈನ್ಯಗಳು ಕಲಿಯಬೇಕಾದ ಪಾಠ ಏನು ಅಂತ ಮಾತಾಡು ಅಂದ್ರು. ನಾನು ಸೈನಿಕ ಅಲ್ಲ. ಐಟಿಐ ಮುಗಿಸಿ ಅಬುಧಾಬಿಯಲ್ಲಿ ಪ್ಯಾನೆಲ್, ಕೇಬಲ್ ಕೆಲಸ ಮಾಡೋನು. ಆದರೆ ಯುದ್ಧ ನಮ್ಮಂಥವರಿಂದ ದೂರ ಇಲ್ಲ. 2022ರ ಜನವರಿ 17ರಂದು ಇಲ್ಲೇ ಮುಸಾಫಾದಲ್ಲಿ ದಾಳಿ ಆದಾಗ ಸತ್ತವರು ಮೂವರು: ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ಅದೇ ವರ್ಷ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಸತ್ತ ವೈದ್ಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯ ಹುಡುಗ. ಹಾಗಾಗಿ ಉಕ್ರೇನ್ ಯುದ್ಧವನ್ನು ನನಗೆ ಗೊತ್ತಿರುವ ಕರೆಂಟಿನ ಕಡೆಯಿಂದ ಹೇಳ್ತೀನಿ.

ನಮ್ಮೂರ ಕಡೆ ಟಿಸಿ ಸುಟ್ಟರೆ ಪಂಪ್‌ಸೆಟ್ ನಿಲ್ಲುತ್ತೆ, ಗೋವಿನಜೋಳ ಒಣಗುತ್ತೆ. ಬೇರೆ ಟಿಸಿ ಬರೋತನಕ ಆಕಾಶ ನೋಡ್ತಾ ಕೂರಬೇಕು. 2022ರ ಅಕ್ಟೋಬರ್ 10ರಿಂದ ರಷ್ಯಾ ಉಕ್ರೇನಿನ ಇಡೀ ದೇಶಕ್ಕೆ ಇದನ್ನೇ ಮಾಡಲು ಹೊರಟಿತು. ಪವರ್ ಸ್ಟೇಷನ್‌ಗಳ ಜೊತೆಗೆ ದೊಡ್ಡ ದೊಡ್ಡ ಸಬ್‌ಸ್ಟೇಷನ್‌ಗಳಿಗೂ ಗುರಿ ಇಟ್ಟಿತು. ಯಾಕೆ? ತಂತಿ ಹರಿದರೆ ಬೇಗ ಎಳೀಬಹುದು. ಆದರೆ 330, 750 ಕೆವಿ ಟ್ರಾನ್ಸ್‌ಫಾರ್ಮರ್ ಅಂಗಡಿಯಲ್ಲಿ ಸಿಗಲ್ಲ. ಆರ್ಡರ್ ಕೊಟ್ಟರೆ ತಯಾರಾಗೋಕೆ ವರ್ಷವೇ ಬೇಕು. ಯುರೋಪಿನ ಬಹಳ ದೇಶಗಳಲ್ಲಿ ಇರೋದು 400, 220 ಕೆವಿ; ಉಕ್ರೇನಿನದು ಸೋವಿಯತ್ ಕಾಲದ ಲೆಕ್ಕ. ಪಕ್ಕದವರು ಕೊಡ್ತೀನಿ ಅಂದರೂ ಹೊಂದೋದು ಕಷ್ಟ.

ಒಮ್ಮೆ ಆಗಸ್ಟಿನಲ್ಲಿ ನಮ್ಮ ಕ್ಯಾಂಪಿನ ಮೇನ್ ಬ್ರೇಕರ್ ಸುಟ್ಟು, ಸ್ಪೇರ್ ಇಲ್ಲದೆ ಎರಡು ರಾತ್ರಿ ಟೆರೇಸಿನಲ್ಲಿ ಬೆವರು ಒರೆಸಿಕೊಂಡು ಮಲಗಿದ್ದೆವು. ಅಲ್ಲಿನವರು ಮೈನಸ್ ಚಳಿಯಲ್ಲಿ ಹೀಟರ್ ಇಲ್ಲದೆ ಕೂತಿದ್ದರು. ಆದ್ದರಿಂದ ಮೊದಲನೇ ಪಾಠ: ಮದ್ದುಗುಂಡು ಕೂಡಿಡುವ ಹಾಗೆ ಟ್ರಾನ್ಸ್‌ಫಾರ್ಮರನ್ನೂ ಕೂಡಿಡಬೇಕು.

ಎರಡನೆಯದು ಲೆಕ್ಕಾಚಾರ. ಶಾಹೆದ್ ಡ್ರೋನ್ ಒಂದಕ್ಕೆ ಹತ್ತಾರು ಸಾವಿರ ಡಾಲರ್ ಅಂತ ಅಂದಾಜು. ಪೇಟ್ರಿಯಟ್ ಕ್ಷಿಪಣಿ ಒಂದಕ್ಕೆ ಹತ್ತಾರು ಲಕ್ಷ ಡಾಲರ್. ಪ್ರತಿ ಡ್ರೋನ್‌ಗೂ ಅಂಥ ಕ್ಷಿಪಣಿ ಹೊಡೀತಾ ಕೂತರೆ ಮನೆ ಉಳಿಯಲ್ಲ. ಅದಕ್ಕೇ ಉಕ್ರೇನಿನವರು ಟ್ರಾನ್ಸ್‌ಫಾರ್ಮರ್ ಸುತ್ತ ಕಲ್ಲು ತುಂಬಿದ ತಂತಿ ಬುಟ್ಟಿ, ಮರಳು ಚೀಲ ಜೋಡಿಸಿದರು; ಕೆಲವು ಕಡೆ ಕಾಂಕ್ರೀಟ್ ಗೂಡು ಕಟ್ಟಿದರು. ದೊಡ್ಡ ಕ್ಷಿಪಣಿ ನೇರ ಬಿದ್ದರೆ ಮರಳು ಚೀಲ ತಡೆಯಲ್ಲ. ಆದರೆ ಹತ್ತಿರ ಸಿಡಿದ ಚೂರುಗಳನ್ನು ತಡೆಯುತ್ತೆ.

ಮೂರನೆಯದು ಮುಂಚಿನ ತಯಾರಿ. 2022ರ ಫೆಬ್ರವರಿ 24ರಂದು ಉಕ್ರೇನ್ ಪರೀಕ್ಷೆಗೆಂದು ರಷ್ಯಾದ ಗ್ರಿಡ್‌ನಿಂದ ಬಿಡಿಸಿಕೊಂಡಿತ್ತು. ಅದೇ ಬೆಳಗಿನ ಜಾವ ಯುದ್ಧ ಶುರು. ಮತ್ತೆ ಹಿಂದಕ್ಕೆ ಹೋಗಲಿಲ್ಲ. ಮಾರ್ಚ್ 16ಕ್ಕೆ ಯುರೋಪಿನ ಗ್ರಿಡ್ ಸೇರಿತು. ಅದಕ್ಕೆ ವರ್ಷಗಳ ಮೊದಲೇ ಕೆಲಸ ನಡೆದಿತ್ತು. ನಮ್ಮ ದಕ್ಷಿಣ ಭಾರತದ ಗ್ರಿಡ್ ಉಳಿದ ದೇಶದ ಗ್ರಿಡ್‌ಗೆ ಜೋಡಣೆಯಾದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನಿಂದ. ಇಂಥ ಲೈನು, ಸಬ್‌ಸ್ಟೇಷನ್‌ಗಳನ್ನೂ ಗಡಿ ಠಾಣೆಯ ಹಾಗೇ ಕಾಯಬೇಕು.

ಇದು ರಷ್ಯಾ ಒಂದೇ ಮಾಡಿದ್ದಲ್ಲ. 1991ರಲ್ಲಿ ಅಮೆರಿಕ ಮತ್ತು ಜೊತೆಗಾರರು ಇರಾಕಿನ ವಿದ್ಯುತ್ ಹೊಡೆದಾಗ ನೀರು ಶುದ್ಧೀಕರಣವೂ ನಿಂತಿತು. ಕೊಳಕು ನೀರಿಂದ ಕಾಯಿಲೆ ಬಂದದ್ದು ಸದ್ದಾಮನಿಗಲ್ಲ, ಮಕ್ಕಳಿಗೆ. ಕರೆಂಟ್ ತೆಗೆದರೆ ಜನ ಸೋಲೊಪ್ಪುತ್ತಾರೆ ಅನ್ನೋ ಲೆಕ್ಕವೂ ಉಕ್ರೇನಿನಲ್ಲಿ ತಪ್ಪಾಯಿತು.

ಯಾಕೆ ತಪ್ಪಾಯಿತು? ಪ್ರತಿ ದಾಳಿ ಆದ ಮೇಲೆ ಲೈನ್‌ಮನ್‌ಗಳು ಹೋಗಿ ಮತ್ತೆ ಜೋಡಿಸಿದರು. ರಿಪೇರಿ ನಡೆಯುವಾಗಲೇ ಮತ್ತೆ ದಾಳಿ ಆಗಿ ಸತ್ತವರೂ ಇದ್ದಾರೆ. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಕಟಿಂಗ್ ಪ್ಲೇಯರ್ ಇತ್ತು. ನನ್ನ ಕೈಯಲ್ಲಿರೋದೂ ಅದೇ.

ಇದೇ ನನ್ನ ಕೊನೇ ಪಾಠ. ದೇಶ ಕಾಯೋರ ಪಟ್ಟಿಯಲ್ಲಿ ಕಂಬ ಹತ್ತೋನ ಹೆಸರೂ ಇರಬೇಕು. ಒಳ್ಳೆ ಗ್ಲೌಸ್, ಸರಿಯಾದ ತರಬೇತಿ, ಮನೆಯವರಿಗೆ ವಿಮೆ ಸಿಗಬೇಕು. ಮುಂದಿನ ಸಲ ಊರಲ್ಲಿ ಕರೆಂಟ್ ಹೋದಾಗ ಲೈನ್‌ಮನ್‌ಗೆ ಬೈಯೋಕೆ ಫೋನ್ ಎತ್ತಿದರೆ, ಒಂದು ನಿಮಿಷ ಇದನ್ನು ನೆನೆಸಿಕೊಳ್ಳಿ.